ಕೈಕೊಡದ ಕೋವಿ: ಎಷ್ಟು ಈಡಿನ ಸಾಕ್ಷಿ?

ಹಳೆಯ ಕೋವಿಯೊಂದು ಮಾರಾಟಕ್ಕೆ ಬಂದಾಗ, ಇಲ್ಲವೇ ಹೊಸದಾಗಿ ಪರವಾನಗಿ ಸಿಕ್ಕವರು ಯಾವುದನ್ನು ಕೊಳ್ಳಲಿ ಎಂದು ವಿಚಾರಿಸಿದಾಗ, ಕೊಡಗಿನಲ್ಲೂ ಮಲೆನಾಡಿನಲ್ಲೂ ಸಿಗುವ ಪ್ರಮಾಣಪತ್ರ ಹೆಚ್ಚುಕಡಿಮೆ ಒಂದೇ: ‘ನಮ್ಮದು ಮೂವತ್ತು ವರ್ಷದಿಂದ ಇದೆ, ಒಂದು ದಿನವೂ ಕೈಕೊಟ್ಟಿಲ್ಲ.’ ಹಾಗೆ ಹೇಳುವವರು ಸುಳ್ಳು ಹೇಳುತ್ತಾರೆಂದು ಅನುಮಾನಿಸಬೇಕಿಲ್ಲ. ತೊಡಕಿರುವುದು ಲೆಕ್ಕದಲ್ಲಿ. ಆ ಮಾತಿನಲ್ಲಿ ವರ್ಷಗಳಿವೆ, ಈಡುಗಳಿಲ್ಲ. ಕಪಾಟಿನಲ್ಲಿ ಒರಗಿ ನಿಂತಷ್ಟು ಕಾಲ ಯಾವ ಕೋವಿಯೂ ಕೈಕೊಡುವುದಿಲ್ಲ. ಕುದುರೆ ಬಿದ್ದ ಕ್ಷಣದಲ್ಲಷ್ಟೇ ಅದರ ಪರೀಕ್ಷೆ. ಹಾಗಾಗಿ ಮೂವತ್ತು ವರ್ಷದಲ್ಲಿ ಎಷ್ಟು ಬಾರಿ, ಯಾವ ಹವೆಯಲ್ಲಿ, ಯಾವ ತೋಟಾ ಹಾಕಿ ಹೊಡೆದದ್ದು ಎಂಬುದು ಗೊತ್ತಾಗುವವರೆಗೆ ಆ ಪ್ರಮಾಣಪತ್ರಕ್ಕೆ ಬೆಲೆ ಕಟ್ಟಲಾಗದು. ಗೊತ್ತಾದ ಮೇಲೂ ಅದರ ಬೆಲೆ ನಾವು ಎಣಿಸಿದ್ದಕ್ಕಿಂತ ಕಡಿಮೆಯೇ ಇರುತ್ತದೆ. ಒಂದು ಕೋವಿ ಕೆಟ್ಟದ್ದೆಂದು ತೀರ್ಮಾನಿಸಲು ಒಬ್ಬರ ಅನುಭವ ಅನೇಕ ಸಲ ಸಾಕಾಗುತ್ತದೆ. ಒಳ್ಳೆಯದೆಂದು ತೀರ್ಮಾನಿಸಲು ಬಹುತೇಕ ಎಂದೂ ಸಾಲುವುದಿಲ್ಲ. ಕೊಳ್ಳುವವರೂ ಇಟ್ಟುಕೊಂಡವರೂ ಇದನ್ನು ತಿಳಿದು ನಡೆದುಕೊಂಡರೆ ಹಣವೂ ಉಳಿದೀತು, ಕೈಬೆರಳೂ ಉಳಿದೀತು.

ಮೊದಲು ಈಡುಗಳ ಲೆಕ್ಕವನ್ನೇ ನೋಡೋಣ. ಕೊಡಗಿನ ಕೊಡವ ಜನಾಂಗದವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. ದೇಶದಲ್ಲಿ ಕೋವಿಯೊಂದಿಗೆ ಇಷ್ಟು ಹತ್ತಿರದ ಬಳಕೆ ಇರುವ ನಾಡು ಇನ್ನೊಂದು ಸಿಗುವುದು ಕಷ್ಟ. ಅಲ್ಲಿಯೂ ಮನೆಯ ಕೋವಿ ವರ್ಷಕ್ಕೆ ಎಷ್ಟು ಸಲ ಸಿಡಿಯುತ್ತದೆ? ಕೈಲ್‌ಪೊಳ್ದು ಹಬ್ಬದಲ್ಲಿ ಪೂಜೆಯಾದ ಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಒಂದಿಷ್ಟು, ಪುತ್ತರಿ ಹಬ್ಬದಲ್ಲಿ ಕದಿರು ತೆಗೆಯುವಾಗ ಒಂದು, ಮನೆತನದಲ್ಲಿ ಹುಟ್ಟು ಸಾವು ಆದರೆ ಅದಕ್ಕೊಂದೆರಡು. ಉಳಿದ ಜಿಲ್ಲೆಗಳಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದವರು ಕಾಡುಪ್ರಾಣಿಗಳನ್ನು ಬೆದರಿಸಲು ಗಾಳಿಯಲ್ಲಿ ಹೊಡೆಯುವುದು ಬಿಟ್ಟರೆ ಬೇರೆ ಬಳಕೆ ಕಡಿಮೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈಗ ಬೇಟೆಯ ಮಾತೇ ಇಲ್ಲ. ಧಾರಾಳವಾಗಿ ವರ್ಷಕ್ಕೆ ಹದಿನೈದು ಈಡು ಎಂದಿಟ್ಟುಕೊಂಡರೂ ಮೂವತ್ತು ವರ್ಷಕ್ಕೆ 450 ಆಗುತ್ತದೆ. ಕ್ರೀಡಾ ಶೂಟರ್ ಒಬ್ಬರು ಕೆಲವೇ ದಿನಗಳ ಅಭ್ಯಾಸದಲ್ಲಿ ಮುಗಿಸುವಷ್ಟು.

450 ಈಡು, ಒಂದೂ ತಪ್ಪಿಲ್ಲ ಎಂಬುದರಿಂದ ಏನು ಸಿದ್ಧವಾಗುತ್ತದೆ? ಸಂಖ್ಯಾಶಾಸ್ತ್ರದವರು ಬಳಸುವ ಸರಳ ಸೂತ್ರವೊಂದಿದೆ. ಎಷ್ಟು ಸಲ ಪ್ರಯತ್ನಿಸಿದರೂ ಒಮ್ಮೆಯೂ ವಿಫಲವಾಗದಿದ್ದರೆ, ಮೂರನ್ನು ಆ ಪ್ರಯತ್ನಗಳ ಸಂಖ್ಯೆಯಿಂದ ಭಾಗಿಸಿ. ನಿಜವಾದ ವೈಫಲ್ಯದ ಪ್ರಮಾಣ ಅದಕ್ಕಿಂತ ಹೆಚ್ಚಿಲ್ಲ ಎಂದು ಶೇ 95ರ ಭರವಸೆಯಿಂದ ಹೇಳಬಹುದು, ಅಷ್ಟೇ. 450ಕ್ಕೆ ಇದನ್ನು ಅನ್ವಯಿಸಿದರೆ ನೂರೈವತ್ತಕ್ಕೆ ಒಂದು ಬರುತ್ತದೆ. ಅಂದರೆ ಮೂವತ್ತು ವರ್ಷದ ಕಳಂಕವಿಲ್ಲದ ದಾಖಲೆಯ ನಂತರವೂ, ನಿಮ್ಮ ಕೋವಿ ನೂರೈವತ್ತಕ್ಕೊಮ್ಮೆ ಕೈಕೊಡುವ ಜಾತಿಯದಿರಬಹುದು ಎಂಬ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಇದನ್ನೇ ತಿರುಗಿಸಿ ನೋಡಿ. ನೂರಕ್ಕೊಮ್ಮೆ ಕೈಕೊಡುವುದು ಖಚಿತವಾಗಿ ಗೊತ್ತಿರುವ ಕೋವಿಯೊಂದಿದೆ ಎನ್ನೋಣ. ಅದರಿಂದ ಹತ್ತು ಈಡು ಹೊಡೆದರೆ ಹತ್ತೂ ಸರಿಯಾಗಿ ಹಾರುವ ಸಂಭವ ಶೇ 90. ಐವತ್ತು ಹೊಡೆದರೂ ಶೇ 60. ನೂರು ಹೊಡೆದರೆ ಶೇ 37. ಮುನ್ನೂರು ಹೊಡೆದ ಮೇಲಷ್ಟೇ ಆ ಸಂಭವ ಶೇ 5ಕ್ಕೆ ಇಳಿಯುತ್ತದೆ. ಅಂಗಡಿಯವರ ಮುಂದೆ ಮೂರು ಈಡು ಹೊಡೆದು ‘ಚೆನ್ನಾಗಿದೆ’ ಎಂದು ಹಣ ಎಣಿಸುವ ರೂಢಿಯ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಕೈಕೊಡುವುದಿಲ್ಲ ಎಂಬ ಮಾತನ್ನು ನಿಜಕ್ಕೂ ಪರೀಕ್ಷಿಸಿದವರು ಎಷ್ಟು ದೂರ ಹೋಗಿದ್ದಾರೆ ಎಂಬುದಕ್ಕೆ 1911ರ ಅಮೆರಿಕ ಸೇನೆಯ ಪಿಸ್ತೂಲು ಆಯ್ಕೆ ಒಳ್ಳೆಯ ಉದಾಹರಣೆ. ಜಾನ್ ಬ್ರೌನಿಂಗ್ ರೂಪಿಸಿದ ಕೋಲ್ಟ್ ಮತ್ತು ಅದರ ಎದುರಾಳಿ ಸ್ಯಾವೇಜ್, ಎರಡರಿಂದಲೂ 6000 ಗುಂಡು ಹಾರಿಸಲಾಯಿತು. ನೂರು ಗುಂಡಿಗೊಮ್ಮೆ ತಣಿಯಲು ಬಿಡುವುದು, ಸಾವಿರಕ್ಕೊಮ್ಮೆ ಶುಚಿ ಮಾಡಿ ಎಣ್ಣೆ ಹಾಕುವುದು. ಸ್ಯಾವೇಜ್ 37 ಬಾರಿ ತಡೆಯಿತು, ಕೋಲ್ಟ್ ಒಂದು ಬಾರಿಯೂ ಇಲ್ಲ. ಸ್ಯಾವೇಜ್‌ನ ಲೆಕ್ಕ ಗಮನಿಸಿ: ಸುಮಾರು 160 ಗುಂಡಿಗೆ ಒಂದು ತಡೆ. ಸೇನೆ ತಿರಸ್ಕರಿಸಿದ ಆ ಪಿಸ್ತೂಲು ಯಾರದೋ ಮನೆಯಲ್ಲಿದ್ದು, ವರ್ಷಕ್ಕೆ ಹತ್ತು ಗುಂಡು ಹಾರಿಸುತ್ತಿದ್ದರೆ, ಹದಿನೈದು ವರ್ಷದವರೆಗೂ ಅದರ ಒಡೆಯರು ಅದನ್ನು ಹೊಗಳುತ್ತಲೇ ಇರಬಹುದಿತ್ತು.

ಇಂಥ ಹೊಗಳಿಕೆ ಯುದ್ಧಭೂಮಿಯಿಂದಲೇ ಬಂದರೂ ಕತೆ ಬೇರೆಯಾಗುವುದಿಲ್ಲ. ಇರಾಕ್ ಮತ್ತು ಆಫ್ಘಾನಿಸ್ತಾನದಿಂದ ಮರಳಿದ ಸುಮಾರು 2600 ಅಮೆರಿಕನ್ ಸೈನಿಕರನ್ನು ಪ್ರಶ್ನಿಸಿ 2006ರಲ್ಲಿ ಒಂದು ಅಧ್ಯಯನ ವರದಿ ಬಂತು. ಎಂ4 ಕಾರ್ಬೈನ್ ಹಿಡಿದು ಗುಂಡಿನ ಚಕಮಕಿಯಲ್ಲಿದ್ದವರಲ್ಲಿ ಶೇ 19 ಮಂದಿ ಅದು ನಡುವೆ ತಡೆದದ್ದುಂಟು ಎಂದರು. ಹಾಗಾದರೆ ಐವರಲ್ಲಿ ನಾಲ್ವರು ಊರಿಗೆ ಹೋಗಿ, ನಮ್ಮದು ಒಮ್ಮೆಯೂ ಕೈಕೊಡಲಿಲ್ಲ ಎಂದು ಪೂರ್ಣ ಪ್ರಾಮಾಣಿಕತೆಯಿಂದ ಹೇಳಬಲ್ಲವರು. ನಿಮಗೆ ಸಿಕ್ಕಿದವರು ಆ ನಾಲ್ವರಲ್ಲಿ ಒಬ್ಬರಾದರೆ ಒಂದು ಅಭಿಪ್ರಾಯ, ಐದನೆಯವರಾದರೆ ಇನ್ನೊಂದು. ಎರಡೂ ನಿಜ, ಎರಡರಿಂದಲೂ ಕೋವಿಯ ಸ್ವಭಾವ ತಿಳಿಯದು. ಐವರ ಲೆಕ್ಕ ಒಟ್ಟಿಗೆ ಸಿಕ್ಕಾಗಷ್ಟೇ ಏನಾದರೂ ತಿಳಿಯುತ್ತದೆ.

ಹಾಗಿದ್ದರೆ ಪ್ರಯೋಗಾಲಯದ ಪರೀಕ್ಷೆಯನ್ನೇ ನಂಬೋಣವೇ? ‘ಅವರ ಪರೀಕ್ಷೆ ಅವರ ಮರಳುಗಾಡಿಗೆ, ನಮ್ಮ ಮಳೆಗೆ ಅದು ಏನು ಹೇಳುತ್ತದೆ’ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ, ಮತ್ತು ಅದರಲ್ಲಿ ಹುರುಳಿದೆ. 2007ರಲ್ಲಿ ಅಮೆರಿಕದ ಸೇನೆ ಮೇರಿಲ್ಯಾಂಡ್‌ನ ಅಬರ್ಡೀನ್ ಪರೀಕ್ಷಾ ಕೇಂದ್ರದಲ್ಲಿ ನಾಲ್ಕು ಬಗೆಯ ರೈಫಲ್‌ಗಳನ್ನು ದಟ್ಟ ದೂಳಿನಲ್ಲಿ ಮುಳುಗಿಸಿ ಪರೀಕ್ಷಿಸಿತು. ಬಗೆಗೆ ಹತ್ತು ರೈಫಲ್, ಒಂದೊಂದರಿಂದ 6000 ಗುಂಡು, ಒಟ್ಟು ಬಗೆಗೆ 60,000. ಎಂ4 882 ಬಾರಿ ತಡೆಯಿತು. ಎಚ್‌ಕೆ416 233, ಎಂಕೆ16 226, ಎಕ್ಸ್‌ಎಂ8 127 ಬಾರಿ. ಅಂಕಿಗಳು ಇಷ್ಟು ಸ್ಪಷ್ಟವಾಗಿ ಬಂದ ಮೇಲೆ ಮಾತು ಮುಗಿಯಬೇಕಿತ್ತು. ಆದರೆ ಅದಕ್ಕೆ ಕೆಲವೇ ತಿಂಗಳ ಮುಂಚೆ ನಡೆದ ಅದೇ ತರಹದ ದೂಳಿನ ಪರೀಕ್ಷೆಯಲ್ಲಿ ಅಷ್ಟೇ ಗುಂಡುಗಳಿಗೆ ಇದೇ ಎಂ4 ತಡೆದದ್ದು 307 ಬಾರಿ ಮಾತ್ರ. ಒಂದೇ ಮಾದರಿ, ಒಂದೇ ಬಗೆಯ ಪರೀಕ್ಷೆ, ಫಲಿತಾಂಶದಲ್ಲಿ ಸುಮಾರು ಮೂರು ಪಟ್ಟು ಅಂತರ. ಋತು, ಹವೆಯ ತೇವ, ಎಣಿಸುವ ಅಧಿಕಾರಿಗಳು ಹೀಗೆ ಕಾರಣಗಳ ಬಗ್ಗೆ ಚರ್ಚೆ ನಡೆಯಿತು. ಪ್ರಯೋಗಾಲಯದ ಅಂಕಿ ಬ್ರಹ್ಮಲಿಖಿತವಲ್ಲ ಎಂಬುದನ್ನು ಒಪ್ಪೋಣ. ಆದರೂ ಅದಕ್ಕೊಂದು ಬಲವಿದೆ: ಅಲ್ಲಿ ನಾಲ್ಕೂ ಬಗೆ ಒಂದೇ ದೂಳು ತಿಂದವು, ಆದ್ದರಿಂದ ಒಂದಕ್ಕೊಂದು ಹೋಲಿಸಬಹುದು. ಮನೆಯ ಅನುಭವದಲ್ಲಿ ಆ ಹೋಲಿಕೆ ಇಲ್ಲ. ಇನ್ನೊಂದು ಮಾತು: ಅರವತ್ತು ಸಾವಿರ ಗುಂಡು ಹಾರಿಸಿದ ಪರೀಕ್ಷೆಯೇ ಪರಿಸ್ಥಿತಿ ಬದಲಾದರೆ ಹೀಗೆ ಹೊಯ್ದಾಡುತ್ತದೆಂದರೆ, 450 ಈಡಿನ ಮೇಲೆ ನಿಂತ ಮಾತಿಗೆ ಎಷ್ಟು ಬಲ ಒದಗೀತು?

ಪರಿಸ್ಥಿತಿ ಎಂದೆ. ಒಬ್ಬರ ಅನುಭವ ದಾರಿ ತಪ್ಪಿಸುವುದು ಹೆಚ್ಚಾಗಿ ಇಲ್ಲೇ. ವಿಯೆಟ್ನಾಂ ಯುದ್ಧದ ಎಂ16 ರೈಫಲ್‌ನ ಪ್ರಸಂಗ ಗೊತ್ತಿರುವವರಿಗೂ ಅದರ ಮೊದಲ ಅಧ್ಯಾಯ ನೆನಪಿರುವುದಿಲ್ಲ. 1962ರ ಸುಮಾರಿಗೆ ಅದರ ಮೂಲರೂಪವಾದ ಎಆರ್15 ಸುಮಾರು ಸಾವಿರದಷ್ಟು ವಿಯೆಟ್ನಾಂಗೆ ಹೋಗಿ, ಬಳಸಿದವರಿಂದ ಭರ್ಜರಿ ಮೆಚ್ಚುಗೆ ಪಡೆದಿದ್ದವು. ಆಮೇಲೆ ತೋಟಾದೊಳಗಿನ ಮದ್ದಿನ ಬಗೆ ಬದಲಾಯಿತು. ಹೊಸ ಮದ್ದಿಗೆ ಮಸಿ ಹೆಚ್ಚು, ರೈಫಲ್ ಗುಂಡು ಹಾರಿಸುವ ವೇಗವೂ ಹೆಚ್ಚಿತು. ತೋಟಾ ಕೂರುವ ಗೂಡಿಗೆ ಕ್ರೋಮಿಯಂ ಲೇಪ ಇರಲಿಲ್ಲ, ಆ ಸೆಕೆ ಮಳೆಯಲ್ಲಿ ಅದು ತುಕ್ಕು ಹಿಡಿಯಿತು. ಇದು ತಾನೇ ಶುಚಿಯಾಗುವ ರೈಫಲ್ ಎಂಬ ಭ್ರಮೆ ಹರಡಿ, ಶುಚಿ ಮಾಡುವ ಸಾಮಾನೂ ಸೈನಿಕರಿಗೆ ಸರಿಯಾಗಿ ತಲುಪಲಿಲ್ಲ. ಹೊಡೆದ ತೋಟಾ ಹೊರಬಾರದೆ ಸಿಕ್ಕಿಕೊಂಡು ಸೈನಿಕರು ಸತ್ತರು. 1967ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿ ಇದರ ವಿಚಾರಣೆ ನಡೆಸಿತು, ಗೂಡಿಗೆ ಕ್ರೋಮಿಯಂ ಬಂತು, ತರಬೇತಿ ಸುಧಾರಿಸಿತು. ಮೊದಲು ಮೆಚ್ಚಿದವರ ಅನುಭವ ಸುಳ್ಳಾಗಿರಲಿಲ್ಲ. ಅದು ಆ ಮದ್ದಿಗೆ, ಆ ಕೈಗಳಿಗೆ, ಆ ಆರೈಕೆಗೆ ಮಾತ್ರ ನಿಜವಾಗಿತ್ತು.

ನಮ್ಮ ಮನೆಯ ಹನ್ನೆರಡು ಬೋರಿನ ಕೋವಿಗೂ ಇದೇ ಮಾತು. ಕೈಲ್‌ಪೊಳ್ದು ಬರುವುದು ಸೆಪ್ಟೆಂಬರ್ ಮೊದಲ ವಾರ, ಮಳೆ ಇಳಿಮುಖವಾಗುವ ಹೊತ್ತು. ಕೋವಿಯನ್ನು ಅದಕ್ಕೆಂದೇ ತೆಗೆದು, ಒರಸಿ, ಎಣ್ಣೆ ಹಾಕಿ ಇಟ್ಟಿರುತ್ತಾರೆ. ತೋಟಾ ಹೊಸದಾಗಿ ತಂದದ್ದು. ಹೊಡೆಯುವುದು ಹಗಲಲ್ಲಿ, ನಿಂತ ನೆಲದಲ್ಲಿ, ಅವಸರವಿಲ್ಲದೆ. ಕೋವಿ ನಿಜಕ್ಕೂ ಬೇಕಾಗುವುದು ಆಷಾಢದ ರಾತ್ರಿಯಲ್ಲಿ, ತಿಂಗಳುಗಟ್ಟಲೆ ಚೀಲದಲ್ಲಿ ಮುಚ್ಚಿಟ್ಟ ಮೇಲೆ, ಹೋದ ವರ್ಷ ಉಳಿದ ತೋಟಾ ಹಾಕಿ, ಕತ್ತಲಲ್ಲಿ ಒದ್ದೆ ಕೈಯಿಂದ. ಹಬ್ಬದ ದಿನದ ನೂರು ಈಡು ಈ ಒಂದು ರಾತ್ರಿಯ ಬಗ್ಗೆ ಬಹಳ ಕಡಿಮೆ ಹೇಳುತ್ತವೆ. ಬಟ್ಟೆಯ ಅಥವಾ ಚರ್ಮದ ಚೀಲ ತೇವವನ್ನು ಹಿಡಿದಿಟ್ಟು ನಳಿಗೆಗೆ ತುಕ್ಕು ತರುತ್ತದೆ. ಚರ್ಮದ ಪಟ್ಟಿಯಲ್ಲಿ ತಿಂಗಳುಗಟ್ಟಲೆ ಸಿಕ್ಕಿಸಿಟ್ಟ ತೋಟಾದ ಹಿತ್ತಾಳೆಯ ಬುಡಕ್ಕೆ ಹಸಿರು ಕಿಲುಬು ಕಟ್ಟುತ್ತದೆ. ಹಳೆಯ ಕಾಗದದ ತೋಟಾಗಳು ಉಬ್ಬಿ ಗೂಡಿನಲ್ಲಿ ಕೂರುವುದೇ ಇಲ್ಲ. ಪ್ಲಾಸ್ಟಿಕ್ಕಿನವಕ್ಕೆ ಆ ರೋಗವಿಲ್ಲ, ಆದರೆ ಬುಡದ ಕೇಪಿನ ಸುತ್ತ ತೇವ ನುಗ್ಗುವುದು ಅವಕ್ಕೂ ತಪ್ಪಿದ್ದಲ್ಲ. ಹಾಗಾಗಿ ನಿಮ್ಮ ಕೋವಿ ನಂಬಿಕಸ್ಥವೋ ಎಂದು ಕೇಳುವ ಮೊದಲು, ಅದು ಪರೀಕ್ಷೆಗೆ ಒಳಗಾದ ದಿನಗಳು ಅದು ಬೇಕಾಗುವ ದಿನಗಳಂತೆ ಇದ್ದವೇ ಎಂದು ಕೇಳಿಕೊಳ್ಳಿ.

ಕೈಕೊಟ್ಟಾಗ ಕೈಕೊಟ್ಟದ್ದು ಯಾವುದು ಎಂಬ ಪ್ರಶ್ನೆಯೂ ಅನುಭವದ ಮಾತಿನಲ್ಲಿ ಕಲಸಿಹೋಗಿರುತ್ತದೆ. ನಮ್ಮ ಸೇನೆಯ ಇನ್ಸಾಸ್ ರೈಫಲ್ ಇದಕ್ಕೆ ಹತ್ತಿರದ ನಿದರ್ಶನ. ಕಾರ್ಗಿಲ್‌ನ ಚಳಿಯಲ್ಲಿ ಅದರ ಪ್ಲಾಸ್ಟಿಕ್ ಮ್ಯಾಗಜೀನ್ ಬಿರುಕು ಬಿಟ್ಟ ದೂರುಗಳಿದ್ದವು. 2005ರಲ್ಲಿ ನೇಪಾಳದ ಸೇನೆ, ಮಾವೋವಾದಿಗಳ ಜೊತೆಗಿನ ದೀರ್ಘ ಕಾಳಗದಲ್ಲಿ ಈ ರೈಫಲ್ ಕೈಕೊಟ್ಟಿತೆಂದು ಬಹಿರಂಗವಾಗಿ ದೂರಿತು. ಭಾರತದ ಕಡೆಯವರು ಅದನ್ನು ಸರಿಯಾಗಿ ಬಳಸಿ ನೋಡಿಕೊಳ್ಳದ್ದೇ ಕಾರಣವೆಂದರು. ದೇಶ ದೇಶಗಳ ನಡುವೆಯೇ ಬಗೆಹರಿಯದ ಈ ಜಗಳ ಮನೆಯಂಗಳದಲ್ಲಿ ಮಾತ್ರ ಬಗೆಹರಿಯುವ ಸಾಧ್ಯತೆ ಹೆಚ್ಚು, ಏಕೆಂದರೆ ಸಾಕ್ಷಿ ಕೈಯಲ್ಲೇ ಇರುತ್ತದೆ. ಕುದುರೆ ಬಿತ್ತು, ಈಡು ಹಾರಲಿಲ್ಲ ಎನ್ನಿ. ನಳಿಗೆಯ ಮೂತಿಯನ್ನು ಅಪಾಯವಿಲ್ಲದ ದಿಕ್ಕಿಗೇ ಹಿಡಿದು ಕನಿಷ್ಠ ಅರ್ಧ ನಿಮಿಷ ಅಲುಗಾಡದೆ ನಿಲ್ಲಬೇಕು. ತಡವಾಗಿ ಸಿಡಿಯುವ ತೋಟಾ ಇರುತ್ತವೆ, ಮುರಿದು ತೆರೆದ ಕೋವಿಯಲ್ಲಿ ಅದು ಸಿಡಿದರೆ ಮುಖಕ್ಕೇ ಬರುತ್ತದೆ. ಆಮೇಲೆ ತೋಟಾ ಹೊರತೆಗೆದು ಅದರ ಬುಡವನ್ನು ಬೆಳಕಿಗೆ ಹಿಡಿದು ನೋಡಿ. ಕೇಪಿನ ನಡುವೆ ಆಳವಾದ, ದುಂಡನೆಯ ಗುಳಿ ಬಿದ್ದಿದ್ದರೆ ಕೋವಿ ತನ್ನ ಕೆಲಸ ಮಾಡಿದೆ, ತಪ್ಪು ತೋಟಾದ್ದು. ಗುಳಿ ಆಳವಿಲ್ಲದೆ ಗೀರಿದಂತಿದ್ದರೆ ಸ್ಪ್ರಿಂಗ್ ಬಲ ಕಳೆದುಕೊಂಡಿದೆ, ಇಲ್ಲವೇ ಕೇಪಿಗೆ ಬಡಿಯುವ ಮೊಳೆಯ ತುದಿ ಸವೆದಿದೆ, ಅಥವಾ ಹಳೆಯ ಎಣ್ಣೆ ಗಟ್ಟಿಯಾಗಿ ಅದರ ಓಟವನ್ನು ತಡೆದಿದೆ. ಗುಳಿ ಒಂದು ಬದಿಗೆ ಸರಿದಿದ್ದರೆ ಮೊಳೆ ಬಾಗಿರಬಹುದು ಅಥವಾ ಕೀಲು ಸಡಿಲವಾಗಿರಬಹುದು. ಗುಳಿಯೇ ಇಲ್ಲದಿದ್ದರೆ ಸೇಫ್ಟಿ ಹಾಕಿದ್ದಿರಬಹುದು, ಮೊಳೆ ಮುರಿದಿರಬಹುದು. ಮೊದಲನೆಯದು ಎರಡನೆಯದಕ್ಕಿಂತ ಎಷ್ಟೋ ಸಾಮಾನ್ಯ, ಒಪ್ಪಿಕೊಳ್ಳುವವರು ಮಾತ್ರ ಕಡಿಮೆ. ಆ ತೋಟಾವನ್ನು ಎಸೆಯುವ ಮುನ್ನ ಒಂದು ಫೋಟೊ ತೆಗೆದಿಟ್ಟುಕೊಂಡರೆ, ರಿಪೇರಿಯವರಿಗೆ ಅದು ಅರ್ಧ ಗಂಟೆಯ ವಿವರಣೆಗಿಂತ ಮೇಲು.

‘ನಮ್ಮದು ಜೋಡಿನಳಿಗೆ ಕೋವಿ, ಅದರಲ್ಲಿ ಸಿಕ್ಕಿಕೊಳ್ಳಲು ಏನಿದೆ? ಮಿಲಿಟರಿ ರೈಫಲ್‌ಗಳ ಲೆಕ್ಕ ಇಲ್ಲಿ ಯಾಕೆ?’ ಎಂಬುದು ಇನ್ನೊಂದು ಆಕ್ಷೇಪ, ಮತ್ತು ಬಹುಶಃ ಎಲ್ಲಕ್ಕಿಂತ ಗಟ್ಟಿಯಾದದ್ದು. ನಿಜ, ಮುರಿದು ತುಂಬುವ ಕೋವಿಯಲ್ಲಿ ತೋಟಾ ತಾನಾಗಿ ಬಂದು ಕೂರಬೇಕಾದ ಕೆಲಸವಿಲ್ಲ, ಮ್ಯಾಗಜೀನ್ ಇಲ್ಲ, ಹೊಗೆಯ ಒತ್ತಡದಿಂದ ಓಡುವ ಭಾಗಗಳಿಲ್ಲ. ರಚನೆ ನೋಡಿ ಮಾಡುವ ಇಂಥ ತರ್ಕ ಅನುಭವಕ್ಕಿಂತ ಬಲವಾದ ಸಾಕ್ಷಿ ಎಂಬುದನ್ನು ನಾನೂ ಒಪ್ಪುತ್ತೇನೆ. ಕೊಳ್ಳುವವರು ಒಡೆಯರ ಮಾತಿಗೆ ಕೊಡುವ ಗಮನವನ್ನು ಕೋವಿಯ ಕೀಲಿಗೆ ಕೊಟ್ಟರೆ ಹೆಚ್ಚು ತಿಳಿಯುತ್ತದೆ: ತೋಟಾ ಇಲ್ಲವೆಂದು ಎರಡು ಸಲ ಖಚಿತಪಡಿಸಿಕೊಂಡು, ಮುಂಗೈ ಹಿಡಿಯುವ ಮರದ ತುಂಡನ್ನು ಕಳಚಿ, ಮುಚ್ಚಿದ ಕೋವಿಯ ಹಿಡಿಯನ್ನು ಮೆಲ್ಲನೆ ಅಲ್ಲಾಡಿಸಿದಾಗ ನಳಿಗೆ ಕಟಕಟ ಎನ್ನುತ್ತದೆಯೇ, ನಳಿಗೆಯ ಹಿಂಬದಿಗೂ ಕೋವಿಯ ಮೈಗೂ ನಡುವೆ ಬೆಳಕು ಕಾಣುತ್ತದೆಯೇ, ಬೆಳಕಿಗೆ ಹಿಡಿದರೆ ನಳಿಗೆಯೊಳಗೆ ಗುಳಿ ಬಿದ್ದಿದೆಯೇ. ಆದರೆ ಎರಡು ನಳಿಗೆಯ ಭರವಸೆಯಲ್ಲಿ ಒಂದು ಮೋಸ ಅಡಗಿದೆ. ಒಂದೊಂದು ನಳಿಗೆ ನೂರಕ್ಕೊಮ್ಮೆ ತಪ್ಪಿದರೆ ಎರಡೂ ಒಟ್ಟಿಗೆ ತಪ್ಪುವುದು ಹತ್ತು ಸಾವಿರಕ್ಕೊಮ್ಮೆ ಎಂದು ಲೆಕ್ಕ ಹಾಕುತ್ತೇವೆ. ಈ ಲೆಕ್ಕ ಸರಿಯಾಗಬೇಕಾದರೆ ಎರಡರ ತಪ್ಪಿಗೆ ಬೇರೆ ಬೇರೆ ಕಾರಣವಿರಬೇಕು. ಕುದುರೆ, ಸ್ಪ್ರಿಂಗ್, ಟ್ರಿಗರ್ ಎರಡಕ್ಕೂ ಬೇರೆ ಬೇರೆ ಇವೆ ನಿಜ. ತೋಟಾ ಮಾತ್ರ ಒಂದೇ ಪೆಟ್ಟಿಗೆಯದು, ಒಂದೇ ಮಳೆಗಾಲ ಕಂಡದ್ದು. ತೇವಕ್ಕೆ ಬಲಗಡೆಯದು ಹಾಳಾಗಿದ್ದರೆ ಎಡಗಡೆಯದೂ ಹಾಳಾಗಿರುವ ಸಂಭವವೇ ಹೆಚ್ಚು.

ಹಾಗಿದ್ದರೆ ಹಿರಿಯರ ಮೂವತ್ತು ವರ್ಷದ ಅನುಭವ ಬರೀ ಮಾತೇ? ಖಂಡಿತ ಅಲ್ಲ. ತನ್ನ ಕೋವಿಯ ಎಡಗಡೆಯ ಟ್ರಿಗರ್ ಭಾರ, ಇಂಥ ತೋಟಾ ಹೊರಬರಲು ತಕರಾರು ಮಾಡುತ್ತದೆ, ಕೀಲಿನ ಈ ಮೂಲೆಗೆ ಎಣ್ಣೆ ಬೇಕು ಎಂಬಂಥದ್ದು ಯಾವ ಪ್ರಯೋಗಾಲಯಕ್ಕೂ ಗೊತ್ತಾಗದ ತಿಳಿವಳಿಕೆ. ಆ ಅನುಭವ ದೂರಿನ ರೂಪದಲ್ಲಿ ಬಂದಾಗಲಂತೂ ಅದಕ್ಕೆ ಕಿವಿಗೊಡಲೇಬೇಕು, ಯಾಕೆಂದರೆ ಲೆಕ್ಕ ಇಲ್ಲಿ ಅವರ ಪರ ನಿಲ್ಲುತ್ತದೆ. ನೂರಕ್ಕೊಮ್ಮೆ ಮಾತ್ರ ತಪ್ಪುವ ಕೋವಿಯಿಂದ ಇಪ್ಪತ್ತು ಈಡು ಹೊಡೆದರೆ ಅದರಲ್ಲಿ ಎರಡು ಅಥವಾ ಹೆಚ್ಚು ತಪ್ಪುವ ಸಂಭವ ಶೇ 2ಕ್ಕಿಂತ ಕಡಿಮೆ. ಹಾಗಾಗಿ ಇಪ್ಪತ್ತರಲ್ಲಿ ಎರಡು ತಪ್ಪಿ, ತೋಟಾ ಸರಿಯಾಗಿದೆಯೆಂದು ಗುಳಿ ನೋಡಿ ಖಚಿತವಾದರೆ, ಆ ಕೋವಿ ನೂರಕ್ಕೊಂದರದಲ್ಲ, ಅದಕ್ಕಿಂತ ಕೆಟ್ಟದ್ದು ಎಂದು ಧೈರ್ಯವಾಗಿ ಹೇಳಬಹುದು. ಇಪ್ಪತ್ತು ಸರಿಯಾದ ಈಡು ಇಷ್ಟು ಹೇಳಲಾರವು. ಆದರೂ ನಡೆಯುವುದು ಉಲ್ಟಾ: ಒಳ್ಳೆಯ ಹೆಸರಿನ ಕೋವಿ ಎರಡು ಸಲ ತಪ್ಪಿದರೆ ‘ತೋಟಾ ಸರಿಯಿರಲಿಲ್ಲ’, ಹೆಸರಿಲ್ಲದ್ದು ಒಮ್ಮೆ ತಪ್ಪಿದರೆ ‘ಮೊದಲೇ ಹೇಳಿದ್ದೆ’. ಲಕ್ಷಗಟ್ಟಲೆ ಕೊಟ್ಟು ಕೊಂಡವರಿಗೂ, ಅಜ್ಜನ ಕೋವಿಯೆಂಬ ಮಮತೆ ಇರುವವರಿಗೂ ತಪ್ಪನ್ನು ಎಣಿಸುವ ಕೈ ಸ್ವಲ್ಪ ಬಿಗಿ.

ಹಳೆಯ ಇಂಗ್ಲಿಷ್ ಕೋವಿಗಳ ಕೀರ್ತಿಯನ್ನೂ ಇದೇ ಕಣ್ಣಿನಿಂದ ನೋಡಬೇಕು. ಎಸ್ಟೇಟುಗಳಲ್ಲಿ ಇಂದಿಗೂ ಇರುವ ವೆಬ್ಲಿ ಸ್ಕಾಟ್, ಗ್ರೀನರ್ ಕೋವಿಗಳನ್ನು ತೋರಿಸಿ, ಆಗಿನ ಕಾಲದ ಮಾಲೇ ಬೇರೆ ಎನ್ನುತ್ತಾರೆ. ಆಗ ಬಂದವುಗಳಲ್ಲಿ ಒಡೆದದ್ದು, ತುಕ್ಕು ತಿಂದದ್ದು, ಕೀಲು ಹೋಗಿ ಠಾಣೆಗೆ ಒಪ್ಪಿಸಿದ್ದು ಇವತ್ತು ಯಾರ ಗೋಡೆಯ ಮೇಲೂ ಇಲ್ಲ. ಉಳಿದವನ್ನಷ್ಟೇ ಎಣಿಸಿದರೆ ಆ ಕಾಲದ ಎಲ್ಲವೂ ಗಟ್ಟಿಯೇ. ಅಕ್ಕಪಕ್ಕದವರನ್ನು ವಿಚಾರಿಸುವಾಗಲೂ ಈ ಎಚ್ಚರ ಬೇಕು. ಒಂದು ಮಾದರಿಯನ್ನು ಇಟ್ಟುಕೊಂಡವರ ಜೊತೆಗೆ ಅದನ್ನು ಮಾರಿದವರನ್ನೂ ಹುಡುಕಿ ಕೇಳಿ. ‘ಹೇಗಿದೆ’ ಎಂದು ಕೇಳಿದರೆ ಅಭಿಮಾನ ಉತ್ತರಿಸುತ್ತದೆ. ‘ಹೋದ ವರ್ಷ ಎಷ್ಟು ತೋಟಾ ತಂದಿರಿ, ಎಷ್ಟು ಉಳಿದಿದೆ, ಹಾರದೆ ಬಿಟ್ಟದ್ದು ಎಷ್ಟು’ ಎಂದು ಕೇಳಿದರೆ ಅಂಕಿ ಬರುತ್ತದೆ. ಹತ್ತು ಮನೆಯಿಂದ ಹೀಗೆ ನೂರು ನೂರು ಈಡಿನ ಲೆಕ್ಕ ಸಿಕ್ಕರೆ ಸಾವಿರ ಈಡಿನ ಸಾಕ್ಷಿಯಾಯಿತು, ಅದು ಯಾವ ಒಬ್ಬರ ಜೀವಮಾನದ ಅನುಭವಕ್ಕಿಂತಲೂ ದೊಡ್ಡದು.

ಇದೆಲ್ಲಕ್ಕಿಂತ ಗಂಭೀರವಾದ ವಿಷಯವೊಂದು ಉಳಿದಿದೆ. ಇಷ್ಟರವರೆಗೆ ಹೇಳಿದ್ದು ಈಡು ಹಾರದಿರುವ ಬಗ್ಗೆ. ಹಾರಬಾರದ ರೀತಿಯಲ್ಲಿ ಹಾರುವ ಬಗ್ಗೆ ಅನುಭವ ಇನ್ನೂ ಕುರುಡು. ಲೋಹ ದಣಿಯುತ್ತದೆ, ದಣಿವು ಹೊರಗೆ ಕಾಣುವುದಿಲ್ಲ. ಕರಿಮದ್ದಿನ ಕಾಲದ ಡಮಾಸ್ಕಸ್ ನಳಿಗೆಗೆ ಈಗಿನ ಹೊಗೆರಹಿತ ಮದ್ದಿನ ತೋಟಾ ಹಾಕಿ ಇಪ್ಪತ್ತು ವರ್ಷ ಹೊಡೆದಿದ್ದೇವೆ, ಏನೂ ಆಗಿಲ್ಲ ಎಂಬುದು ಮುಂದಿನ ಈಡಿನ ಬಗ್ಗೆ ಯಾವ ಭರವಸೆಯನ್ನೂ ಕೊಡದು. ಹಿಂದಿನ ಪ್ರತಿ ಈಡೂ ನಳಿಗೆಯ ಆಯುಸ್ಸಿನಿಂದ ಒಂದಿಷ್ಟು ಕಳೆದಿರಬಹುದು. ಇಲ್ಲಿ ನೋಡಬೇಕಾದ್ದು ನಳಿಗೆಯ ಅಡಿಭಾಗದ ಮುದ್ರೆಗಳನ್ನು. ಲಂಡನ್ ಮತ್ತು ಬರ್ಮಿಂಗ್‌ಹ್ಯಾಮ್‌ನ ಪರೀಕ್ಷಾಲಯಗಳು ಹೆಚ್ಚಿನ ಒತ್ತಡದ ಮದ್ದು ಹಾಕಿ ಹೊಡೆದು ನೋಡಿ ಪಾಸಾದ ನಳಿಗೆಗೆ ಮುದ್ರೆ ಒತ್ತುತ್ತವೆ. ‘ನೈಟ್ರೋ ಪ್ರೂಫ್’ ಎಂಬ ಗುರುತು ಇಲ್ಲದ ಹಳೆಯ ಕೋವಿಗೆ ಈಗಿನ ತೋಟಾ ಹಾಕಬಾರದು. ಮುದ್ರೆ ಇದ್ದರೂ ಗೂಡಿನ ಉದ್ದ ನೋಡಬೇಕು. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಅನೇಕವು ಎರಡೂವರೆ ಇಂಚಿನ, ಅಂದರೆ ಸುಮಾರು 65 ಮಿ.ಮೀ. ತೋಟಾಕ್ಕೆ ಕೊರೆದವು, 70 ಮಿ.ಮೀ. ತೋಟಾ ಅವುಗಳಲ್ಲಿ ಸಲೀಸಾಗಿ ಕೂರುತ್ತದೆ, ಸಿಡಿದು ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಕೂತಿತು, ಹಾರಿತು ಎಂಬ ಅನುಭವ ಇಲ್ಲಿ ನೇರವಾಗಿ ಅಪಾಯದ ಕಡೆಗೆ ಕರೆದೊಯ್ಯುತ್ತದೆ. ಇಪ್ಪತ್ತು ಬೋರಿನ ತೋಟಾ ಹನ್ನೆರಡು ಬೋರಿನ ಗೂಡು ದಾಟಿ ನಳಿಗೆಯೊಳಗೆ ಜಾರಿ ನಿಲ್ಲುತ್ತದೆ; ಖಾಲಿಯಿದೆಯೆಂದು ಹಿಂದೆ ಇನ್ನೊಂದನ್ನು ತುಂಬಿ ಹೊಡೆದರೆ ನಳಿಗೆ ಸಿಡಿಯುತ್ತದೆ. ಇಪ್ಪತ್ತು ಬೋರಿನವನ್ನು ಹಳದಿ ಬಣ್ಣದಲ್ಲಿ ಮಾಡುವುದು ಈ ಕಾರಣಕ್ಕೇ. ಎರಡೂ ಬೋರಿನ ಕೋವಿ ಇರುವ ಮನೆಯಲ್ಲಿ ಅವುಗಳ ತೋಟಾ ಒಂದೇ ಪೆಟ್ಟಿಗೆಯಲ್ಲಿ ಇರಕೂಡದು. ಸದ್ದು ಎಂದಿಗಿಂತ ಮಂದವಾಗಿ, ‘ಟುಸ್’ ಎಂದಂತೆ ಕೇಳಿದರೆ ಅಲ್ಲಿಗೇ ನಿಲ್ಲಿಸಿ, ಕೋವಿ ಖಾಲಿ ಮಾಡಿ, ಹಿಂದಿನಿಂದ ನಳಿಗೆಯೊಳಗೆ ಬೆಳಕು ಹಾದುಬರುವುದನ್ನು ಕಣ್ಣಾರೆ ನೋಡುವವರೆಗೆ ಮುಂದಿನ ಈಡು ಬೇಡ.

ಮನೆಯ ಅನುಭವಕ್ಕೆ ತೂಕ ಬರಬೇಕಾದರೆ ಅದನ್ನು ಬರೆದಿಡಬೇಕು. ಕೋವಿಯ ಜೊತೆ ಒಂದು ಸಣ್ಣ ಪುಸ್ತಕ: ದಿನಾಂಕ, ಯಾವ ನಳಿಗೆಯಿಂದ ಎಷ್ಟು ಈಡು, ತೋಟಾದ ಪೆಟ್ಟಿಗೆಯ ಮೇಲಿನ ಲಾಟ್ ಸಂಖ್ಯೆ, ಹವೆ, ಕೋವಿ ಶುಚಿ ಮಾಡಿ ಎಷ್ಟು ದಿನವಾಗಿತ್ತು, ತಪ್ಪಿದ್ದರೆ ಕೇಪಿನ ಗುಳಿ ಹೇಗಿತ್ತು. ಯಾವುದನ್ನು ತಪ್ಪೆಂದು ಎಣಿಸುತ್ತೀರಿ ಎಂದು ಮೊದಲ ಪುಟದಲ್ಲೇ ಬರೆದುಬಿಡಿ. ತೋಟಾ ಹೊರಬರಲು ಬೆರಳು ಹಾಕಿ ಎಳೆಯಬೇಕಾದದ್ದೂ ಅದರಲ್ಲಿ ಸೇರಲಿ, ಇಲ್ಲದಿದ್ದರೆ ಆಮೇಲೆ ಮನಸ್ಸು ರಿಯಾಯಿತಿ ಕೊಡುತ್ತದೆ. ಅಭ್ಯಾಸದ ಈಡುಗಳಿಗೆ ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಶೂಟಿಂಗ್ ರೇಂಜ್ ಸರಿಯಾದ ಜಾಗ, ಪರವಾನಗಿಯಲ್ಲಿ ನಮೂದಿಸಿದ ತೋಟಾದ ಮಿತಿಯೊಳಗೇ. ಅಲ್ಲಿಗೆ ಹೋಗುವಾಗ ಮನೆಯಲ್ಲಿ ಉಳಿದ ಹಳೆಯ ಪೆಟ್ಟಿಗೆಯಿಂದ ಕಿಲುಬಿಲ್ಲದ, ಉಬ್ಬದ ತೋಟಾಗಳನ್ನು ಆರಿಸಿ ಒಯ್ಯಿರಿ. ರಾತ್ರಿಯಲ್ಲಿ ಕೈಗೆ ಸಿಗುವುದು ಅವೇ ಆದ್ದರಿಂದ ಪರೀಕ್ಷೆ ಆಗಬೇಕಾದದ್ದೂ ಅವಕ್ಕೇ. ಕಿಲುಬು ಹಿಡಿದದ್ದು, ಉಬ್ಬಿದ್ದು ಪರೀಕ್ಷೆಗೂ ಬೇಡ, ತೋಟಾ ಮಾರುವ ಅಂಗಡಿಗೆ ಒಪ್ಪಿಸಿ.

ಪುಸ್ತಕದ ಲೆಕ್ಕ ಮುರಿಯುವ ಸಂದರ್ಭಗಳೂ ಇವೆ. ಚುನಾವಣೆಗೆ ಮುನ್ನ ಠಾಣೆಯಲ್ಲಿ ಒಪ್ಪಿಸಿ ವಾರಗಟ್ಟಲೆ ಬಿಟ್ಟು ಮರಳಿ ತಂದ ಕೋವಿ, ಒಯ್ದಾಗಿನ ಕೋವಿಯೇ ಎಂದು ಭಾವಿಸಬೇಡಿ. ಇತರರ ಕೋವಿಗಳ ಜೊತೆ ಒರಗಿ ನಿಂತು ನಳಿಗೆಗೆ ಪೆಟ್ಟು ಬಿದ್ದಿರಬಹುದು, ತೇವ ಹಿಡಿದಿರಬಹುದು, ನಳಿಗೆಯೊಳಗೆ ಕಣಜ ಮಣ್ಣಿನ ಗೂಡು ಕಟ್ಟಿರಲೂಬಹುದು. ತಂದ ದಿನವೇ ನಳಿಗೆ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ, ಒರಸಿ, ಎಣ್ಣೆ ಹಾಕಿ, ಆಮೇಲೆ ಕಪಾಟು. ರಿಪೇರಿಗೂ ಇದೇ ನಿಯಮ. ಪರವಾನಗಿ ಇರುವ ಕೋವಿ ಅಂಗಡಿಯಲ್ಲಿ ಸ್ಪ್ರಿಂಗ್ ಬದಲಾಯಿಸಿದ ದಿನ, ಬಡಿಯುವ ಮೊಳೆ ಹೊಸದು ಹಾಕಿಸಿದ ದಿನ, ತೋಟಾದ ಕಂಪನಿ ಬದಲಿಸಿದ ದಿನ ಪುಸ್ತಕದಲ್ಲಿ ಒಂದು ಗೆರೆ ಎಳೆಯಿರಿ. ಮೇಲಿನ 450 ಹಳೆಯ ಭಾಗಗಳ ದಾಖಲೆ. ಗೆರೆಯ ಕೆಳಗೆ ಎಣಿಕೆ ಸೊನ್ನೆಯಿಂದ ಶುರು.